ಏಳನೆಯ ಸಾಲಿನ ಅಜ್ಜ

ಎಲ್ಲ ಶುರುವಾದದ್ದು ಒಂದು ತಟ್ಟೆ ಪೀತಾದಿಂದ, ಎಂದರೆ ಸೊಪ್ಪು ತುಂಬಿ ಬೇಯಿಸಿದ ಹಿಟ್ಟಿನ ಕಡುಬಿನಿಂದ. ಅದನ್ನು ತಿಂದದ್ದು ಇಪ್ಪತ್ತೇಳು ವರ್ಷದ ಹಿಂದೆ. ಹೊಟ್ಟೆಯೊಳಗೆ ತಿರುಚಿದ್ದು ಮಾತ್ರ ಈ ಸಲದ ಈಸ್ಟರ್ ವಾರದ ಮಂಗಳವಾರ ಬೆಳಗ್ಗೆ.

ಪೀತಾ ತಿಂದಾಗ ಅರ್ಗಿರಿಸ್, ಗ್ರೀಸಿನ ದ್ವೀಪವೊಂದರ ವ್ರಿಸಾಕಿ ಎಂಬ ಊರಿನ ಹಳೇ ಕಲ್ಲಿಗೆ ಕಾವಲುಗಾರನಾಗಿ ಸೇರಿ ಒಂದು ವಾರವಾಗಿತ್ತಷ್ಟೆ. ಕಲ್ಲೆಂದರೆ ಆಳೆತ್ತರದ ಅಮೃತಶಿಲೆ. ಊರಾಚೆ ತಂತಿಬೇಲಿಯ ನಡುವೆ ಸಮುದ್ರಕ್ಕೆ ಮುಖಮಾಡಿ ನಿಂತಿದೆ. ಅದರ ಮೇಲಿನ ಅಕ್ಷರಗಳಿಗೆ ಪದಕ್ಕೂ ಪದಕ್ಕೂ ನಡುವೆ ಬಿಡುವೇ ಇರಲಿಲ್ಲ. ಹಳೇ ಕಾಲದ ಜನ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದರೇನೋ ಎನ್ನಬೇಕು, ಹಾಗಿತ್ತು. ಹಳೇ ಕಾವಲುಗಾರ ಕೀಲಿಕೈ ಒಪ್ಪಿಸುವಾಗ ಹೇಳಿಕೊಟ್ಟ ವಿದ್ಯೆ ಇಷ್ಟು: "ಕಡಲ್ಗಳ್ಳರು ಬಂದಾಗ ಊರು ಕಾಪಾಡಿದೋರ ಹೆಸರಂತೆ ಕಣೋ. ಯಾರಾದ್ರೂ ಕೇಳಿದ್ರೆ ಅಷ್ಟು ಹೇಳು, ಸಾಕು."

ಅರ್ಗಿರಿಸ್ ಓದಿದ್ದು ಐದನೇ ತರಗತಿ. ಅಷ್ಟೇ ಸಾಕೆಂದು ಅವನೂ ನಂಬಿದ್ದ. ಆದರೆ ಒಂದು ಮಧ್ಯಾಹ್ನ ನೆರೆಮನೆಯ ಪಗೋನಾ ಬಿಸಿಬಿಸಿ ಪೀತಾ ತಂದುಕೊಟ್ಟು, ಅವನು ದೊಡ್ಡ ತುಂಡೊಂದನ್ನು ಬಾಯಿಗೆ ತುರುಕಿಕೊಳ್ಳುವುದನ್ನೇ ಕಾದಿದ್ದು ಕೇಳಿದಳು.

"ಅಲ್ಲಪ್ಪಾ, ಆ ಕಲ್ಲಲ್ಲಿ ನಮ್ಮ ಯಜಮಾನರ ಮನೆತನದೋರು ಯಾರಾದ್ರೂ ಇದ್ದಾರಾ?"

ಬಾಯಿ ತುಂಬ ಅವಳದೇ ಪೀತಾ ಇತ್ತು. ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಹೌದೆಂದು ತಲೆ ಆಡಿಸಿಬಿಟ್ಟ.

"ಅಯ್ಯೋ ನನ್ನ ದೇವರೇ! ಯಾರಪ್ಪಾ? ಹೆಸರೇನು?"

ಅರ್ಗಿರಿಸ್ ನುಂಗಿದ. ಎಲ್ಲೋ ಕಂಡಿದ್ದ ಒಂದು ಹೆಸರು ಅದೇ ಸಮಯಕ್ಕೆ ಬಾಯಿಗೆ ಬಂತು. "ಅರಿಸ್ತಿಪ್ಪೋಸ್."

ಪಗೋನಾ ತನ್ನ ಮೊಮ್ಮಗನಿಗೆ ಅದೇ ಹೆಸರಿಡಿಸಿದಳು. ಆ ಹುಡುಗನನ್ನು ಪೂರ್ತಿ ಹೆಸರು ಹಿಡಿದು ಊಟಕ್ಕೆ ಕರೆದು ಮುಗಿಸುವಷ್ಟರಲ್ಲಿ ಹುರುಳಿಯ ಸಾರು ಆರಿ ಕೆನೆಗಟ್ಟುತ್ತಿತ್ತು. ಈಗ ಅವನು ಯಾವುದೋ ಹಡಗಿನಲ್ಲಿ ಕೆಲಸಕ್ಕಿದ್ದಾನೆ.

ಒಬ್ಬರಿಗೆ ಪೂರ್ವಜನನ್ನು ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಕಾಫಿ ಅಂಗಡಿಯ ಕೋಸ್ಮಾಸ್ ಕೇಳಿದ, ಅವನಿಗೊಬ್ಬ ಸಿಕ್ಕಿದ. ಮೇಕೆ ಸಾಕುವ ಲಾಂಬ್ರೋಸ್ ಒಂದು ಉಂಡೆ ಚೀಸು ತಂದು ಕೇಳಿದ, ಅವನಿಗೂ ಒಬ್ಬ ಸಿಕ್ಕಿದ. ವರ್ಷ ಕಳೆದಂತೆ ಊರಿನ ನಲವತ್ತು ಮನೆಗೂ ಕಲ್ಲಿನ ಮೇಲೊಬ್ಬ ಅಜ್ಜ ಹುಟ್ಟಿಕೊಂಡ. "ನಮಗೆ ಕಾಣಲ್ವಲ್ಲೋ" ಎಂದವರಿಗೆ ಅರ್ಗಿರಿಸ್ "ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡ್ಬೇಕು" ಎನ್ನುತ್ತಿದ್ದ. ಅವರು ಬೆಳಗ್ಗೆ ಎದ್ದು ಹೋಗಿ, ಕಣ್ಣು ಕಿರಿದು ಮಾಡಿ, ಕುತ್ತಿಗೆ ಕೊಂಕಿಸಿ ನೋಡುತ್ತಿದ್ದರು. ಕಾಣದೆ ಮನೆಗೆ ವಾಪಸಾದವನು ಒಬ್ಬನೂ ಇಲ್ಲ.

ಹೀಗಿರುವಾಗ ಆ ಮಂಗಳವಾರ ಬೆಳಗ್ಗೆ ಏಳು ಗಂಟೆಗೆ, ಊರಿನ ಅಧ್ಯಕ್ಷನೂ ಆಗಿದ್ದ ಕೋಸ್ಮಾಸ್ ಬೀದಿಯಿಂದಲೇ ಕೂಗು ಹಾಕಿದ.

"ಅರ್ಗಿರೀ! ಎದ್ದಿದೀಯೇನೋ? ನಮ್ಮ ಭಾಗ್ಯದ ಬಾಗಿಲು ತೆರೀತಲ್ಲೋ! ಅಥೆನ್ಸಿಂದ ಥೆಕ್ಲಾ ಮೇಡಂ ಅಂತ, ಕಲ್ಲು ಓದೋದ್ರಲ್ಲೇ ಡಾಕ್ಟರಂತೆ, ಒಂಬತ್ತರ ಹಡಗಿಗೆ ಬರ್ತಿದ್ದಾರೆ!"

ಅರ್ಗಿರಿಸ್ ಕಾಫಿ ಬಟ್ಟಲು ಕೆಳಗಿಟ್ಟ. "ಕಲ್ಲು ನಾನೇ ಓದಿದೀನಲ್ಲೋ."

"ನೀನು ಓದಿದ್ದು ನಮ್ಮೂರಿಗಾಯ್ತು. ಅವರು ಓದಿದ್ರೆ ಪುಸ್ತಕದಲ್ಲಿ ಬರುತ್ತೆ. ಸಂಜೆ ಐದಕ್ಕೆ ಚೌಕದಲ್ಲಿ ಸಭೆ ಇಟ್ಟಿದೀನಿ. ಅವರವರ ಅಜ್ಜನ ಹೆಸರು ಅವರವರ ಕಿವಿಗೆ ಬೀಳ್ಲಿ!"

ಹೆಂಡತಿ ಮರಿಗೋ ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿ, ಕಾಲರನ್ನು ಇನ್ನೊಂದು ಸಲ ತಿಕ್ಕಿದಳು.

ಅರ್ಗಿರಿಸ್ ಹಿತ್ತಲಿಗೆ ಹೋಗಿ ಮುಖ ತೊಳೆದ. ಮತ್ತೆ ತೊಳೆದ. ಕಿವಿಯ ಬಿಸಿ ಇಳಿಯಲಿಲ್ಲ. ತಾನು ಸುಳ್ಳ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸಂಜೆ ಐದು ಗಂಟೆಗೆ ನಲವತ್ತು ಮನೆಯವರ ಎದುರು ಗೊತ್ತಾಗುವುದು ಬೇರೆ. ಪಗೋನಾ ಪ್ರತಿ ಭಾನುವಾರ ಇಗರ್ಜಿಯಲ್ಲಿ ಅರಿಸ್ತಿಪ್ಪೋಸನ ಆತ್ಮಕ್ಕೂ ಒಂದು ಮೇಣದ ಬತ್ತಿ ಹಚ್ಚುತ್ತಾಳೆ. ಆ ಬತ್ತಿಗಳನ್ನೆಲ್ಲ ಲೆಕ್ಕ ಹಾಕಿದರೆ ಊರೇ ಸುಟ್ಟುಹೋಗುವಷ್ಟಿದ್ದಾವು.

ಹಾಗೆ ಯೋಚಿಸುತ್ತ ನಿಂತಾಗ ಮೂಲೆಯಲ್ಲಿದ್ದ ಸುಣ್ಣದ ಡಬ್ಬ ಕಣ್ಣಿಗೆ ಬಿತ್ತು.

ಈಸ್ಟರ್ ವಾರದಲ್ಲಿ ನಮ್ಮ ಕಡೆ ಸುಣ್ಣ ಕಾಣದ ವಸ್ತುವೇ ಇಲ್ಲ. ಗೋಡೆಗೆ ಸುಣ್ಣ, ಮೆಟ್ಟಿಲಿಗೆ ಸುಣ್ಣ, ಮರದ ಬುಡಕ್ಕೆ ಸುಣ್ಣ. ಹೋದ ವರ್ಷ ಲಾಂಬ್ರೋಸನ ಕತ್ತೆ ಒಂದೇ ಕಡೆ ಸ್ವಲ್ಪ ಹೊತ್ತು ನಿಂತದ್ದಕ್ಕೆ ಅದರ ಒಂದು ಮಗ್ಗುಲಿಗೂ ಬಿದ್ದಿತ್ತು. ಹಾಗಿರುವಾಗ ಕಲ್ಲಿಗೆ ಬಳಿದರೆ ಯಾರು ಏನು ಅನ್ನುತ್ತಾರೆ?

ಎಂಟು ಗಂಟೆಗೆ ಅರ್ಗಿರಿಸ್ ಕಲ್ಲಿನ ಮುಂದೆ ಬ್ರಷ್ ಹಿಡಿದು ನಿಂತಿದ್ದ. ಕಲ್ಲಿನ ಮುಖ ನೋಡಲು ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡೇ ಬಳಿದ. ಬೇಲಿಯಾಚೆ ಪಗೋನಾ ಕಾಣಿಸಿಕೊಂಡಳು.

"ಭಲೇ ಅರ್ಗಿರಿ! ಕಲ್ಲಿಗೂ ಹಬ್ಬದ ಬಟ್ಟೆ ಹಾಕಿದ್ಯಾ? ಎಡಗಡೆ ಮೇಲೆ ಒಂಚೂರು ಬಿಟ್ಟಿದೀಯಪ್ಪ. ಹಾಂ, ಅಲ್ಲೇ. ನಮ್ಮ ಅರಿಸ್ತಿಪ್ಪೋಸ್ ಇರೋ ಜಾಗಕ್ಕೆ ಎರಡು ಕೈ ಹಾಕು!"

ಅವನು ಎರಡು ಕೈ ಹಾಕಿದ.

ಒಂಬತ್ತೂವರೆಗೆ ಥೆಕ್ಲಾ ಮೇಡಂ ಬಂದರು. ಐವತ್ತು ದಾಟಿದ ಸಣಕಲು ಹೆಂಗಸು, ಬೆನ್ನಿಗೊಂದು ಚೀಲ, ಕೈಯಲ್ಲಿ ಕಾಗದದ ದೊಡ್ಡ ಸುರುಳಿ. ಕಲ್ಲಿನ ಮುಂದೆ ನಿಂತವರು, ಮದುವೆಗೆಂದು ಬಂದು ಸಾವಿನ ಮನೆ ಹೊಕ್ಕವರ ಹಾಗೆ ಹಾಗೇ ನಿಂತರು.

"ಇದೇನಿದು?"

"ಹಬ್ಬ, ಮೇಡಂ," ಎಂದ ಅರ್ಗಿರಿಸ್, ತನ್ನ ಬೂಟಿನ ತುದಿ ನೋಡುತ್ತ.

ಮೇಡಂ ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು, ಹತ್ತರವರೆಗೆ ಎಣಿಸಿರಬೇಕು. ಆಮೇಲೆ ಬೆರಳಿಂದ ಮುಟ್ಟಿ ನೋಡಿ, "ಪುಣ್ಯಕ್ಕೆ ಇನ್ನೂ ಹಸಿ ಇದೆ. ತೊಳೀಬಹುದು," ಎಂದು ಚೀಲದಿಂದ ಒಂದು ಮೆತ್ತನೆ ಬ್ರಷ್ ತೆಗೆದು ಅವನ ಕೈಗೇ ಕೊಟ್ಟರು. ಅದು ಹಲ್ಲುಜ್ಜುವ ಬ್ರಷ್ಷಿಗಿಂತ ಕೊಂಚ ದೊಡ್ಡದು, ಅಷ್ಟೆ.

ಬಳಿಯಲು ಇಪ್ಪತ್ತು ನಿಮಿಷ ಹಿಡಿದಿದ್ದ ಸುಣ್ಣ ಬಿಡಿಸಲು ಎರಡೂವರೆ ಗಂಟೆ ಹಿಡಿಯಿತು. ಅರ್ಗಿರಿಸ್ ಬಾವಿಯಿಂದ ಹದಿನೆಂಟು ಬಕೆಟ್ ನೀರು ಹೊತ್ತ. ದಾರಿಯಲ್ಲಿ ಹೋಗುವವರೆಲ್ಲ ಬೇಲಿಗೆ ಒರಗಿ ನಿಂತು ಬುದ್ಧಿ ಹೇಳಿದರು. "ಮೇಲಿಂದ ಕೆಳಕ್ಕೆ ತಿಕ್ಕೋ." "ಅಡ್ಡಡ್ಡ ತಿಕ್ಕಿದ್ರೆ ಬೇಗ ಹೋಗುತ್ತೆ." "ನಮ್ಮಜ್ಜನ್ನ ಮೆತ್ತಗೆ ತಿಕ್ಕು ಮಾರಾಯಾ!" ತನ್ನ ಗೋರಿಯನ್ನು ತಾನೇ ತೋಡಿ, ಅದಕ್ಕೆ ತಾನೇ ನೀರು ಹೊತ್ತಂತಾಯಿತಲ್ಲ ಎಂದು ಅರ್ಗಿರಿಸ್ ಬೆವರು ಒರೆಸಿಕೊಂಡ.

ಮೇಡಂ ಕಾಗದದ ಸುರುಳಿ ಬಿಚ್ಚಿದರು. ದಪ್ಪನೆಯ ಬಿಳಿ ಹಾಳೆ. ಅದನ್ನು ನೀರಲ್ಲಿ ನೆನೆಸಿ, ಕಲ್ಲಿನ ಮೈಗೆ ಹೊದಿಸಿ, ಗಟ್ಟಿ ಕೂದಲ ಬ್ರಷ್ಷಿನಿಂದ ಟಪಟಪ ಬಡಿಯತೊಡಗಿದರು. ಒಣಗಿದ ಮೇಲೆ ಎತ್ತಿದರೆ ಕಲ್ಲಿನ ಗೆರೆಯೆಲ್ಲ ಕಾಗದಕ್ಕೆ ಬಂದಿರುತ್ತದಂತೆ. ಬ್ರಷ್ಷಿನ ಒಂದೊಂದು ಏಟೂ ತನ್ನ ಕೆನ್ನೆಗೇ ಬೀಳುತ್ತಿದೆ ಅನಿಸಿತು ಅರ್ಗಿರಿಸ್‌ಗೆ.

ಸುತ್ತ ಯಾರೂ ಇಲ್ಲದ್ದು ನೋಡಿ ಅವನು ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ಹತ್ತಿರ ಹೋದ. ಈ ಹೆಂಗಸಿಗೆ ಒಬ್ಬಳಿಗೇ ಹೇಳಿಬಿಟ್ಟರೆ, ಕಾಲಿಗೆ ಬಿದ್ದಾದರೂ ಮಾನ ಉಳಿಸಿಕೊಳ್ಳಬಹುದು.

"ಮೇಡಂ, ಈ ಕಲ್ಲಿನ ವಿಷಯ ಒಂದು ಮಾತು..."

ಮೇಡಂ ಬ್ರಷ್ ಎತ್ತಿ ತಡೆದರು. "ಬೇಡ! ಈಗ ಏನೂ ಹೇಳ್ಬೇಡಿ. ನೀವು ಏನು ಓದಿದೀರಿ ಅನ್ನೋದನ್ನ ಸಂಜೆ ಎಲ್ಲರ ಮುಂದೇನೇ ಹೇಳಬೇಕು. ಅಲ್ಲಿವರೆಗೂ ಒಂದಕ್ಷರ ಬೇಡ."

"ಅದಲ್ಲ ಮೇಡಂ, ನಾನು..."

"ಸಂಜೆ!" ಎಂದು ನಕ್ಕರು.

ಆ ನಗು ಅರ್ಗಿರಿಸನ ಬೆನ್ನುಮೂಳೆಯ ಉದ್ದಕ್ಕೂ ಇಳಿದು ಬೂಟಿನೊಳಗೆ ಹೋಗಿ ಕೂತಿತು. ಇವರಿಗೆ ಆಗಲೇ ಗೊತ್ತಾಗಿದೆ. ಇಲಿಯನ್ನು ಬೆಕ್ಕು ಆಡಿಸುವ ಹಾಗೆ ಸಂಜೆಯವರೆಗೂ ಆಡಿಸಿ, ನಡುಬೀದಿಯಲ್ಲಿ ತಿನ್ನುತ್ತಾರೆ.

ಇಷ್ಟು ಸಾಲದೆಂದು ಕೋಸ್ಮಾಸ್ ಒಂದು ಕಡೆಯಿಂದ, ಲಾಂಬ್ರೋಸ್ ಇನ್ನೊಂದು ಕಡೆಯಿಂದ ಒಟ್ಟಿಗೇ ಬೇಲಿಯ ಬಾಗಿಲಿಗೆ ಬಂದರು.

"ಮೇಡಂ, ಏಳನೇ ಸಾಲು ಒಂಚೂರು ಜೋಪಾನವಾಗಿ ಬಡೀರಿ," ಎಂದ ಕೋಸ್ಮಾಸ್. "ನಮ್ಮಜ್ಜ ತಿಮೊಕ್ಲಿಸ್ ಅಲ್ಲಿದ್ದಾನೆ."

ಲಾಂಬ್ರೋಸ್ ನಿಂತಲ್ಲೇ ತಿರುಗಿದ. "ಯಾರಜ್ಜ? ಏಳನೇ ಸಾಲಿನ ತಿಮೊಕ್ಲಿಸ್ ನಮ್ಮೋನು!"

"ನಿಮ್ಮೋನಾ? ಮೇಕೆ ಕಾಯೋರ ಹೆಸರು ಕಲ್ಲಲ್ಲಿ ಯಾವನೋ ಕೆತ್ತಾನೆ?"

"ಮತ್ತೆ ಕಾಫಿಗೆ ನೀರು ಬೆರೆಸೋರ ಹೆಸರು ಕೆತ್ತಿದ್ರಾ? ಕಡಲ್ಗಳ್ಳರು ಬಂದಾಗ ನಿಮ್ಮಜ್ಜ ಅವರಿಗೂ ಕಾಫಿ ಕೊಟ್ಟಿರ್ತಾನೆ!"

ಇಬ್ಬರೂ ಅರ್ಗಿರಿಸ್ ಕಡೆ ನೋಡಿದರು. ಹೆಸರು ತೀರಿಹೋಗಿ ಒಂದೇ ಹೆಸರನ್ನು ಇಬ್ಬರಿಗೆ ಕೊಟ್ಟದ್ದು ಅವನಿಗೆ ಆಗ ನೆನಪಾಯಿತು.

"ಇಬ್ಬರಿದ್ದಾರೆ," ಎಂದ ಅವನು.

"ಒಂದೇ ಸಾಲಲ್ಲಿ ಇಬ್ಬರು ತಿಮೊಕ್ಲಿಸಾ?"

"ಪಕ್ಕಪಕ್ಕ ನಿಂತು ಹೋರಾಡಿದ್ರು. ಅದಕ್ಕೇ ಪಕ್ಕಪಕ್ಕ ಕೆತ್ತಿದಾರೆ."

"ಮೊದಲು ಯಾರದ್ದು ಬರುತ್ತೆ?"

"ಅದು... ಈ ಕಡೆಯಿಂದ ಓದಿದ್ರೆ ಅವನು, ಆ ಕಡೆಯಿಂದ ಓದಿದ್ರೆ ಇವನು."

ಇಬ್ಬರೂ ತಮ್ಮ ತಮ್ಮ ಕಡೆ ನಿಂತು ತಲೆ ವಾಲಿಸಿ ನೋಡಿ ಒಪ್ಪಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಆ ಅಜ್ಜಂದಿರು ಒಬ್ಬರ ಪ್ರಾಣ ಒಬ್ಬರು ಉಳಿಸಿದ್ದರೆಂದು ಅವರಿಬ್ಬರೇ ತೀರ್ಮಾನಿಸಿ, ಹೆಗಲಮೇಲೆ ಕೈ ಹಾಕಿಕೊಂಡು ಹೋದರು. ಅರ್ಗಿರಿಸ್ ಮೆಲ್ಲನೆ ತಲೆಯೆತ್ತಿದ. ಮೇಡಂ ಬ್ರಷ್ ಕೆಳಗಿಟ್ಟು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ ಒದ್ದೆ ಹಾಳೆ ಕಲ್ಲಿನ ಮೇಲೇ ಬಿಸಿಲಿಗೆ ಒಣಗುತ್ತಿತ್ತು. ಅರ್ಗಿರಿಸ್ ಅದನ್ನು ಹರಿಯಲಿಲ್ಲ, ಅಷ್ಟು ಧೈರ್ಯ ಅವನಿಗೆಲ್ಲಿ? ಬೇಲಿಯ ಬಾಗಿಲು ಮಾತ್ರ ಮರೆತವನಂತೆ ತೆರೆದಿಟ್ಟು, ಆಲಿವ್ ಮರದ ಹಿಂದೆ ಹೋಗಿ ಕೂತ. ಲಾಂಬ್ರೋಸನ ದೊಡ್ಡ ಮೇಕೆಗೆ ಕಾಗದವೆಂದರೆ ಪ್ರಾಣ. ಹೋದ ಚುನಾವಣೆಯಲ್ಲಿ ಅದು ಮೂರು ಪಕ್ಷದ ಪೋಸ್ಟರುಗಳನ್ನೂ ಭೇದವಿಲ್ಲದೆ ತಿಂದಿತ್ತು.

ಮೇಕೆ ಬಂತು. ಹಾಳೆಯನ್ನು ಮೂಸಿತು. ಅರ್ಗಿರಿಸ್ ಬೆರಳು ಜೋಡಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮೇಕೆ ಒಂದು ಗಳಿಗೆ ಯೋಚಿಸಿ, ಹಾಳೆ ಬಿಟ್ಟು, ಅವನು ಕಲ್ಲಿನ ಬುಡದಲ್ಲಿಟ್ಟಿದ್ದ ಊಟದ ಗಂಟು ಬಿಚ್ಚಿ ಬ್ರೆಡ್ಡು ತಿಂದಿತು, ಆಲಿವ್ ತಿಂದಿತು, ಹಲ್ವಾ ತಿಂದಿತು. ಕೊನೆಗೆ ಗಂಟಿನ ಪಕ್ಕದಲ್ಲೇ ಇದ್ದ, ಸರ್ಕಾರ ಕೊಟ್ಟಿದ್ದ ಟೋಪಿಯ ಮುಂದಿನ ಅಂಚನ್ನು ವೀಳ್ಯದೆಲೆಯಂತೆ ಅಗಿಯುತ್ತ ಹೊರಟುಹೋಯಿತು.

ಸಂಜೆ ಐದಕ್ಕೆ ಚೌಕದ ಚಿನಾರ್ ಮರದಡಿ ಜಾಗವಿರಲಿಲ್ಲ. ಕೋಸ್ಮಾಸ್ ಅಂಗಡಿಯ ಕುರ್ಚಿಗಳೆಲ್ಲ ತುಂಬಿ, ಜನ ಮನೆಯಿಂದ ಸ್ಟೂಲು ತಂದಿದ್ದರು. ಪಗೋನಾ ಮೊಮ್ಮಗನ ಫೋಟೋ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಲ್ಲಿದ್ದಳು. ಅವಳ ಪಕ್ಕ ಮರಿಗೋ, ಕಪ್ಪು ಬೂಟು ಹಾಕಿಕೊಂಡು, ಕೈಚೀಲ ಹಿಡಿದು ಕೂತಿದ್ದಳು. ಅರ್ಗಿರಿಸನನ್ನು ಮೇಡಂ ಪಕ್ಕವೇ ಕೂರಿಸಿದರು. ತುದಿ ಇಲ್ಲದ ಟೋಪಿಯನ್ನು ಅವನು ಕುರ್ಚಿಯ ಕೆಳಗೆ ಬಚ್ಚಿಟ್ಟ. ಜನ ಒಬ್ಬೊಬ್ಬರಾಗಿ ಬಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಒಂದೊಂದು ತಟ್ಟಿಗೂ ಅವನು ಒಂದೊಂದು ಅಂಗುಲ ಕುಗ್ಗುತ್ತಿದ್ದ.

ಥೆಕ್ಲಾ ಮೇಡಂ ಎದ್ದು ನಿಂತರು. ಕೈಯಲ್ಲಿ ಒಣಗಿದ ಹಾಳೆಯ ಸುರುಳಿ.

"ನಾನು ಬೆಳಗ್ಗೆಯಿಂದ ಈ ಕಲ್ಲಿನ ಜೊತೆ ಇದ್ದೆ. ಈಗ ನಿಮ್ಮ ಅರ್ಗಿರಿಸ್ ಅವರನ್ನ ಎಲ್ಲರ ಎದುರು ಒಂದು ಮಾತು ಕೇಳ್ಬೇಕು..."

ಅರ್ಗಿರಿಸನ ಕಿವಿಯಲ್ಲಿ ಸಮುದ್ರ ಮೊರೆಯಿತು. ಇವರ ಬಾಯಿಂದ ಬರುವುದಕ್ಕಿಂತ ನನ್ನ ಬಾಯಿಂದಲೇ ಬರಲಿ ಎಂದುಕೊಂಡು ಎದ್ದುಬಿಟ್ಟ.

"ಕೇಳ್ಬೇಡಿ ಮೇಡಂ, ನಾನೇ ಹೇಳ್ತೀನಿ! ನನಗೆ ಆ ಕಲ್ಲು ಓದೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ!"

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು.

"ಆಣೆ ಇಟ್ಟು ಹೇಳ್ತೀನಿ! ಹೆಸರೆಲ್ಲ ನಾನು ಹುಟ್ಟಿಸಿದ್ದು. ಮಿಲಿಟರಿಯಲ್ಲಿದ್ದಾಗ ಅಥೆನ್ಸಲ್ಲಿ ಎರಡು ವರ್ಷ ಇದ್ನಲ್ಲ, ಅಲ್ಲಿನ ಬೀದಿ ಬೋರ್ಡು ನೋಡಿ ನೆನಪಲ್ಲಿದ್ದವು. ಕೋಸ್ಮಾಸ್, ಲಾಂಬ್ರೋಸ್, ನಿಮ್ಮಿಬ್ಬರ ತಿಮೊಕ್ಲಿಸ್ ಅನ್ನೋದು ನಾವು ಬಟ್ಟೆ ಒಗೆಯೋಕೆ ಕೊಡ್ತಿದ್ದ ಬೀದಿ ಕಣ್ರಪ್ಪಾ. ಪಗೋನಕ್ಕಾ..." ಅವನು ಅವಳ ಕಡೆ ತಿರುಗಿದ. "ಪಗೋನಕ್ಕಾ, ಅರಿಸ್ತಿಪ್ಪೋಸ್ ಅನ್ನೋದು ಬಸ್ ಸ್ಟಾಪು."

ಪಗೋನಾ ಕೈಯಲ್ಲಿದ್ದ ಫೋಟೋ ನೋಡಿದಳು. "ಬಸ್ ಸ್ಟಾಪಿಗೆ ಬತ್ತಿ ಹಚ್ಚಿಸಿದ್ಯೇನೋ, ಪಾಪಿ!" ಎಂದಳು. ಅವಳು ಕೂಗಿದ್ದರೆ ಅರ್ಗಿರಿಸ್‌ಗೆ ತಡೆದುಕೊಳ್ಳಲಾಗುತ್ತಿತ್ತು. ಅವಳು ಮೆಲ್ಲಗೆ ಹೇಳಿದಳು.

ಆಮೇಲೆ ಶುರುವಾಯಿತು ಗದ್ದಲ. ನಲವತ್ತು ಮನೆಯವರೂ ಒಟ್ಟಿಗೇ ತಮ್ಮ ತಮ್ಮ ಅಜ್ಜ ಯಾವ ಬೀದಿ ಎಂದು ಕೇಳತೊಡಗಿದರು. "ನಮ್ಮೋನು?" "ನಿಮ್ಮೋನು ತರಕಾರಿ ಸಂತೆ ಹಿಂದಿನ ಓಣಿ." "ನಮ್ಮೋನೋ?" "ಅದು ಬೀದಿಯಲ್ಲ, ಬೂಟಿನಂಗಡಿ." ಅರ್ಗಿರಿಸ್ ಒಬ್ಬೊಬ್ಬರಿಗೂ ತಲೆ ತಗ್ಗಿಸಿ ಉತ್ತರ ಕೊಟ್ಟ. ಬೈದವರ ಬೈಗುಳವನ್ನು ತನಗೆ ಸಲ್ಲಬೇಕಾದದ್ದೇ ಎಂಬಂತೆ ತೆಗೆದುಕೊಂಡ. ಲಜ್ಜೆಯಿಂದ ಕುಸಿದರೂ ಎದೆಯ ಮೂಲೆಯಲ್ಲಿ ಒಂದಿಷ್ಟು ಹಗುರಾಗಿತ್ತು. ಹೇಗಿದ್ದರೂ ಬಯಲಾಗುತ್ತಿತ್ತು, ತಾನೇ ಹೇಳಿದ್ದೇ ಒಳ್ಳೆಯದಾಯಿತು.

ಥೆಕ್ಲಾ ಮೇಡಂ ಮಾತ್ರ ಇನ್ನೂ ನಿಂತೇ ಇದ್ದರು. ಗದ್ದಲ ಇಳಿದ ಮೇಲೆ ನಿಧಾನವಾಗಿ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದರು. ಜನ ಬಗ್ಗಿ ನೋಡಿದರು. ಹಾಳೆ ಒಗೆದು ಒಣಹಾಕಿದ ಮೇಲುಹೊದಿಕೆಯಷ್ಟು ನುಣ್ಣಗಿತ್ತು.

"ಇದರಲ್ಲಿ ನನಗೆ ಸಿಕ್ಕಿದ್ದು ನಾಲ್ಕು ಅಕ್ಷರ," ಎಂದರು. "ಅವೂ ಬೇರೆ ಬೇರೆ ಮೂಲೇಲಿ. ಸಮುದ್ರದ ಉಪ್ಪುಗಾಳಿ ಈ ಮೂವತ್ತು ವರ್ಷದಲ್ಲಿ ಉಳಿದದ್ದನ್ನೆಲ್ಲ ತಿಂದುಹಾಕಿದೆ. ದಿನಾ ನೋಡೋರಿಗೆ ಅದು ಗೊತ್ತಾಗೋದಿಲ್ಲ. ಈ ಕಲ್ಲಲ್ಲಿ ಏನಿತ್ತು ಅಂತ ಇನ್ನು ಯಾರೂ, ಯಾವತ್ತೂ ಓದೋಕಾಗಲ್ಲ."

ಮೇಡಂ ಹಾಳೆಯ ಮೇಲೆ ಕೈಯಾಡಿಸಿದರು.

"ಯಾರೂ ಇದನ್ನ ನಕಲು ಮಾಡಿಟ್ಟಿಲ್ಲ. ಕಲ್ಲು ಅಳಿಸಿಹೋದ್ರೆ, ಅಳಿಸೋ ಮೊದಲು ಅದನ್ನ ಕಂಡು ಓದಿದೋರ ಮಾತೇ ನಮಗೆ ಆಧಾರ. ಇವರು ಓದಿದ್ದನ್ನ ಇವರ ಬಾಯಿಂದಲೇ ಬರ್ಕೊಂಡು, ಇವರ ಹೆಸರು ಹಾಕಿ, ನಿಮ್ಮ ನಲವತ್ತು ಹೆಸರನ್ನೂ ಪುಸ್ತಕಕ್ಕೆ ಸೇರಿಸೋಣ ಅಂತಿದ್ದೆ. ಬೆಳಗ್ಗೆ ಹೇಳಬೇಡಿ ಅಂದಿದ್ದೂ ಅದಕ್ಕೇ. ಮೊದಲೇ ಕೇಳಿದ್ರೆ, ಇಲ್ಲದ್ದೂ ನನ್ನ ಕಣ್ಣಿಗೆ ಇದ್ದಂತೆ ಕಾಣ್ತಿತ್ತು."



ಮೊದಲು ಚೇತರಿಸಿಕೊಂಡವನು ಕೋಸ್ಮಾಸ್. "ಮೇಡಂ, ಈಗಲೂ ಬರ್ಕೊಳ್ಳಿ! ಅವನು ಏನೋ ಬಿಸಿಲಿಗೆ ತಲೆ ತಿರುಗಿ ಹೇಳಿದ."

"ಹೌದು ಮೇಡಂ, ಬೆಳಗ್ಗೆಯಿಂದ ಉಪವಾಸ ಅವನು," ಎಂದ ಲಾಂಬ್ರೋಸ್.

"ನಾನು ನನ್ನ ಕಣ್ಣಾರೆ ನೋಡಿದೀನಿ ಅರಿಸ್ತಿಪ್ಪೋಸನ್ನ, ಬೆಳಗಿನ ಬಿಸಿಲಲ್ಲಿ!" ಎಂದು ಪಗೋನಾ ಎದ್ದು ನಿಂತಳು. "ಲೋ ಅರ್ಗಿರಿ, ಹೇಳೋ! ಈಗ ಹೇಳಿದ್ದು ಸುಳ್ಳು ಅಂತ ಹೇಳು, ನನ್ನಪ್ಪಾ! ಪೀತಾ ಮಾಡಿಕೊಡ್ತೀನಿ!"

ಅರ್ಗಿರಿಸ್ ಬಾಯಿ ತೆರೆದ. ಇಪ್ಪತ್ತೇಳು ವರ್ಷ ಕೇಳಿದವರಿಗೆಲ್ಲ ಹೆಸರು ಕೊಟ್ಟ ಬಾಯಿ. ಗಾಳಿ ಮಾತ್ರ ಹೊರಬಂತು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಕ್ಷಮಿಸಿ. ಆಧಾರವೇ ಎದ್ದು ನಿಂತು ತಾನು ಸುಳ್ಳು ಅಂದ ಮೇಲೆ ನಾನೇನು ಬರೀಲಿ?" ಎಂದು ಹಾಳೆ ಸುತ್ತಿಕೊಂಡು, ಆರೂವರೆಯ ಹಡಗಿಗೆ ಹೊರಟರು.

ಚೌಕ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜನ ಸ್ಟೂಲು ಎತ್ತಿಕೊಂಡು ಅರ್ಗಿರಿಸನ ಮುಂದೆಯೇ ಹೋದರು, ಅವನ ಕಡೆ ನೋಡದೆ. ಸುಳ್ಳು ಹೇಳಿದ್ದಕ್ಕೆ ಈಗ ಒಬ್ಬರೂ ಬೈಯುತ್ತಿರಲಿಲ್ಲ. ನಿಜ ಹೇಳಿದ್ದನ್ನು ಮಾತ್ರ ಯಾರೂ ಕ್ಷಮಿಸುವಂತಿರಲಿಲ್ಲ.

ಗಂಡ ಹೆಂಡತಿ ಮನೆಯ ಏರು ಹತ್ತತೊಡಗಿದರು. ಮರಿಗೋ ಎರಡು ಹೆಜ್ಜೆ ಮುಂದೆ.

"ಮರಿಗೋ," ಎಂದ ಅವನು ಅರ್ಧ ದಾರಿಯಲ್ಲಿ, "ನಿನಗೆ ಮುಖ ತೋರಿಸೋಕೂ ನಾಚಿಕೆಯಾಗ್ತಿದೆ ಕಣೇ. ನಿನಗೂ ಇಷ್ಟು ವರ್ಷ ಮೋಸ ಮಾಡ್ದೆ."

ಅವಳು ನಿಂತು ತಿರುಗಿದಳು.

"ನನಗೇನು ಮೋಸ? ನಿಮಗೆ ಓದೋಕೆ ಬರಲ್ಲ ಅಂತ ನನಗೆ ಮೊದಲನೇ ವರ್ಷವೇ ಗೊತ್ತಿತ್ತು. ಇಪ್ಪತ್ತೇಳು ವರ್ಷ ನಾನು ಬಾಯಿ ಮುಚ್ಕೊಂಡಿರಲಿಲ್ವಾ? ನಿಮಗೆ ಇನ್ನು ಐದು ನಿಮಿಷ ಆಗ್ಲಿಲ್ವಾ?"